ಅರವತ್ತಕ್ಕೆ ಅರವತ್ತು: ಲಂಡನ್ ಬರೋಗಳಿಗೆ ಪ್ರಾಶಸ್ತ್ಯ ಮತ ಬೇಕೇ?

ಪೂರ್ವ ಲಂಡನ್ನಿನ ನ್ಯೂಹ್ಯಾಮ್ ಬರೋ (ಸ್ಥಳೀಯಾಡಳಿತ ಘಟಕ) ಕೌನ್ಸಿಲ್‌ನಲ್ಲಿ 60 ಸ್ಥಾನಗಳಿದ್ದವು. 2010ರಲ್ಲಿ ಲೇಬರ್ ಪಕ್ಷ ಅರವತ್ತನ್ನೂ ಗೆದ್ದಿತು. 2014ರಲ್ಲಿ ಮತ್ತೆ ಅರವತ್ತು, 2018ರಲ್ಲೂ ಅರವತ್ತು. ಪಕ್ಕದ ಬಾರ್ಕಿಂಗ್ ಮತ್ತು ಡಾಗೆನಮ್‌ನಲ್ಲಿ 2010ರಿಂದ 2022ರವರೆಗೆ ನಾಲ್ಕು ಚುನಾವಣೆಗಳಲ್ಲೂ 51ಕ್ಕೆ 51. ಥೇಮ್ಸ್ ದಾಟಿ ಲೂಯಿಶಮ್‌ಗೆ ಹೋದರೆ 2018 ಮತ್ತು 2022ರಲ್ಲಿ 54ಕ್ಕೆ 54. ಇಂಥ ಫಲಿತಾಂಶ ಬಂದಾಗಲೆಲ್ಲ ಏಳುವ ಪ್ರಶ್ನೆ ಒಂದೇ: ಸ್ಕಾಟ್ಲೆಂಡಿನಂತೆ ಇಂಗ್ಲೆಂಡಿನ ಬರೋಗಳೂ ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮ ಕೊಡುವ ಪ್ರಾಶಸ್ತ್ಯ ಮತಕ್ಕೆ ಬದಲಾಗಬೇಕೇ?

ಪರ: ಸೋತವರಿಗೂ ಒಂದು ಕುರ್ಚಿ ಇರಲಿ

ನಾನು ಲಂಡನ್ನಿನಲ್ಲಿ ಮೊದಲ ಸಲ ಮತ ಹಾಕಿದ್ದು 2018ರ ಮೇ 3ರಂದು. ಗುರುವಾರ, ರಜೆಯಿಲ್ಲ, ಮೆರವಣಿಗೆಯಿಲ್ಲ, ಧ್ವನಿವರ್ಧಕವಿಲ್ಲ. ನನ್ನ ಬಳಿ ಇದ್ದದ್ದು ಭಾರತದ ಪಾಸ್‌ಪೋರ್ಟೇ. ಆದರೆ ಕಾಮನ್‌ವೆಲ್ತ್ ದೇಶದ ಪ್ರಜೆ ಕಾನೂನುಬದ್ಧವಾಗಿ ನೆಲೆಸಿದ್ದರೆ ಇಲ್ಲಿ ಮತದ ಹಕ್ಕಿದೆ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಸುಮ್ಮನಿದ್ದ ಕನ್ನಡಿಗರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಮತಗಟ್ಟೆ ಒಂದು ಶಾಲೆಯ ಸಭಾಂಗಣ. ಮೇಜಿನ ಹಿಂದೆ ಕೂತ ಮಹಿಳೆ ಹೆಸರು, ವಿಳಾಸ ಕೇಳಿ, ಪಟ್ಟಿಯಲ್ಲಿ ನನ್ನ ಸಾಲಿಗೆ ಅಡಿಕೋಲಿಟ್ಟು ಗೆರೆ ಎಳೆದರು. ಗುರುತಿನ ಚೀಟಿಯನ್ನೂ ಕೇಳಲಿಲ್ಲ. ಅದು ಇಂಗ್ಲೆಂಡಿನಾದ್ಯಂತ ಕಡ್ಡಾಯವಾದದ್ದು 2023ರಲ್ಲಿ. ಬೆರಳಿಗೆ ಮೈಸೂರಿನ ಶಾಯಿ ಇಲ್ಲ. ದಾರಕ್ಕೆ ಕಟ್ಟಿದ ಪೆನ್ಸಿಲ್, ಉದ್ದನೆಯ ಮತಪತ್ರ, ಅದರ ಮೇಲೆ ಮೂರು ಇಂಟು ಗುರುತು. ಊರಿನ ಶಾಲೆಯಲ್ಲಿ ತಪ್ಪು ಲೆಕ್ಕಕ್ಕೆ ಮೇಷ್ಟ್ರು ಹಾಕುತ್ತಿದ್ದ ಗುರುತೇ ಇಲ್ಲಿ ಒಪ್ಪಿಗೆಯ ಮುದ್ರೆ. ಈಗ ಯೋಚಿಸಿದರೆ, ಲೆಕ್ಕ ನಿಜಕ್ಕೂ ತಪ್ಪಾಗಿಯೇ ಇತ್ತು.

ಲಂಡನ್ನಿನ ಹೆಚ್ಚಿನ ವಾರ್ಡುಗಳಿಗೆ ಮೂವರು ಸದಸ್ಯರು, ಮತದಾರನಿಗೆ ಮೂರು ಮತ. ನಮ್ಮ ಗ್ರಾಮ ಪಂಚಾಯಿತಿಗಳ ಬಹುಸದಸ್ಯ ಕ್ಷೇತ್ರ ನೋಡಿದವರಿಗೆ ಇದು ಹೊಸದಲ್ಲ. ಮೂರು ಮತವಿದ್ದರೆ ಜನ ಹಂಚಿ ಹಾಕಿಯಾರು ಎಂದು ತೋರುತ್ತದೆ, ಬಹುತೇಕರು ಹಂಚುವುದಿಲ್ಲ. ಒಂದೇ ಪಕ್ಷದ ಮೂರೂ ಹೆಸರಿಗೆ ಗುರುತು ಹಾಕಿ ಮನೆಗೆ ಹೋಗುತ್ತಾರೆ. ನೂರು ಮತದಾರರಲ್ಲಿ 50 ಮಂದಿ ಒಂದು ಪಕ್ಷಕ್ಕೆ, 30 ಮಂದಿ ಇನ್ನೊಂದಕ್ಕೆ, 20 ಮಂದಿ ಮತ್ತೊಂದಕ್ಕೆ ಹೀಗೆ ಹಾಕಿದರೆಂದುಕೊಳ್ಳಿ. ಮೂರು ಸ್ಥಾನವೂ ಮೊದಲ ಪಕ್ಷಕ್ಕೆ. ಉಳಿದ ಐವತ್ತು ಮಂದಿ ಮಳೆಯಲ್ಲಿ ನಡೆದು ಬಂದದ್ದೇ ಲಾಭ. ಇಪ್ಪತ್ತು ವಾರ್ಡುಗಳಲ್ಲಿ ಇದೇ ಆದರೆ ಅರವತ್ತಕ್ಕೆ ಅರವತ್ತು.

ನ್ಯೂಹ್ಯಾಮ್‌ನಲ್ಲಿ ಲೇಬರ್ ಜನಪ್ರಿಯ ಪಕ್ಷವೆಂಬುದರಲ್ಲಿ ತಕರಾರಿಲ್ಲ. 2018ರಲ್ಲಿ ಅಲ್ಲಿನ ಮೇಯರ್ ಚುನಾವಣೆಯನ್ನು ರುಖ್ಸಾನಾ ಫಯಾಜ್ ಶೇ 73ರಷ್ಟು ಮತದಿಂದ ಗೆದ್ದರು. ನಾಲ್ಕರಲ್ಲಿ ಹತ್ತಿರಹತ್ತಿರ ಮೂರು ಪಾಲು. ಸರಿ, ನಾಲ್ಕನೆಯ ಪಾಲಿನವರ ಗತಿ? ಕೌನ್ಸಿಲ್ ಸಭೆಯಲ್ಲಿ ಅವರ ಪರ ಕೈಯೆತ್ತಲು ಒಬ್ಬರೂ ಇರಲಿಲ್ಲ. ಕಸ, ಕೌನ್ಸಿಲ್ ಮನೆ, ವೃದ್ಧರ ಆರೈಕೆ, ಕಟ್ಟಡದ ಅನುಮತಿ, ತೆರಿಗೆಯ ದರ, ಎಲ್ಲವನ್ನೂ ತೀರ್ಮಾನಿಸುವ ಸಭೆ ಅದು. ಪ್ರಶ್ನೆ ಕೇಳುವವರೂ ಉತ್ತರ ಕೊಡುವವರೂ ಪಕ್ಷದ ಕೊಠಡಿಯಲ್ಲಿ ಮೊದಲೇ ಮಾತಾಡಿಕೊಂಡು ಬಂದವರು. ಅತ್ತೆಯ ಮನೆಯ ಪಂಚಾಯಿತಿಗೆ ಅತ್ತೆಯೇ ತೀರ್ಪುಗಾರಳು.

ಇದರ ಬೆಲೆ ಏನೆಂದರೆ, ದುಡ್ಡು. 2012ರ ಒಲಿಂಪಿಕ್ ಕ್ರೀಡಾಂಗಣವನ್ನು ಫುಟ್‌ಬಾಲ್‌ಗೆ ಮಾರ್ಪಡಿಸುವ ಯೋಜನೆಗೆ ನ್ಯೂಹ್ಯಾಮ್ ಕೌನ್ಸಿಲ್ 4 ಕೋಟಿ ಪೌಂಡ್ ಕೊಟ್ಟಿತು. ಬಡ್ಡಿ ಸೇರಿ 5.2 ಕೋಟಿ ಪೌಂಡನ್ನು 2017ರಲ್ಲಿ ಲೆಕ್ಕದಿಂದ ಕೈಬಿಡಬೇಕಾಯಿತು. ಲಂಡನ್ನಿನ ಬಡ ಬರೋಗಳಲ್ಲೊಂದು ಅದು. ಎದುರು ಸಾಲಿನಲ್ಲಿ ಹಟಮಾರಿಗಳು ನಾಲ್ಕು ಜನ ಇದ್ದಿದ್ದರೆ ಈ ವ್ಯವಹಾರ ನಿಲ್ಲುತ್ತಿತ್ತು ಎಂದು ಪ್ರಮಾಣ ಮಾಡಲಾರೆ. ಆದರೆ ಕಡತ ಬಿಚ್ಚಿಸಿ, ಪುಟ ತಿರುಗಿಸಿ, ಅಧಿಕಾರಿಗಳ ಬೆವರಿಳಿಸಲು ಯಾರಾದರೂ ಇರುತ್ತಿದ್ದರು.

ಮದ್ದು ಹೊಸದೇನಲ್ಲ. ಪದವೀಧರ ಕ್ಷೇತ್ರದ ಚುನಾವಣೆಯಲ್ಲಿ ನಾವು 1, 2, 3 ಎಂದು ಬರೆಯುವ ಅದೇ ಪ್ರಾಶಸ್ತ್ಯ ಮತ. ಸ್ಥಾನ ಮೂರಿದ್ದರೆ ಗೆಲುವಿಗೆ ಬೇಕಾದದ್ದು ಕಾಲು ಭಾಗಕ್ಕಿಂತ ಒಂದು ಹೆಚ್ಚು. ಗೆದ್ದವನ ಹೆಚ್ಚುವರಿ ಮತ, ಕಣದಿಂದ ಬಿದ್ದವನ ಮತ, ಎರಡೂ ಮುಂದಿನ ಪ್ರಾಶಸ್ತ್ಯದವರಿಗೆ ಹರಿಯುತ್ತವೆ. ಮೇಲಿನ 50–30–20ರ ವಾರ್ಡಿನಲ್ಲಿ ಬಹುಮಟ್ಟಿಗೆ ಎರಡು ಸ್ಥಾನ ಮೊದಲ ಪಕ್ಷಕ್ಕೆ, ಒಂದು ಎರಡನೆಯದಕ್ಕೆ. ಗೆದ್ದವರು ಗೆದ್ದವರೇ, ಆದರೆ ಎದುರಿಗೆ ಒಬ್ಬರು ಕೂತಿರುತ್ತಾರೆ.

ಗ್ಲಾಸ್ಗೋ ನೋಡಿ. 2003ರಲ್ಲಿ ಹಳೆಯ ಪದ್ಧತಿಯಲ್ಲಿ ಲೇಬರ್‌ಗೆ ಶೇ 48ರಷ್ಟು ಮತ, 79ರಲ್ಲಿ 71 ಸ್ಥಾನ. 2007ರಲ್ಲಿ ಸ್ಕಾಟ್ಲೆಂಡ್ ಪ್ರಾಶಸ್ತ್ಯ ಮತಕ್ಕೆ ಬಂದಾಗ ಅದೇ ಲೇಬರ್‌ಗೆ 45, ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ 22, ಉಳಿದ 12 ಸ್ಥಾನ ಸಣ್ಣ ಪಕ್ಷಗಳಿಗೆ. ಅಧಿಕಾರ ಲೇಬರ್ ಕೈಯಲ್ಲೇ ಉಳಿಯಿತು, ಆಕಾಶ ಕಳಚಿ ಬೀಳಲಿಲ್ಲ. ಹಿಂದೆ ಒಂಟಿ ಅಭ್ಯರ್ಥಿ ಅವಿರೋಧವಾಗಿ ಆಯ್ಕೆಯಾಗುತ್ತಿದ್ದ ಕಡೆಗಳಲ್ಲೂ ಸ್ಪರ್ಧೆ ಹುಟ್ಟಿತು. ಸ್ಕಾಟ್ಲೆಂಡಿನಲ್ಲಿ ಇದಕ್ಕಾಗಿ ವಾರ್ಡುಗಳ ಗಡಿಯನ್ನೆಲ್ಲ ಹೊಸದಾಗಿ ಗೀಚಬೇಕಾಯಿತು. ಲಂಡನ್ನಿನಲ್ಲಿ ಮೂರು ಸದಸ್ಯರ ವಾರ್ಡುಗಳು ಸಿದ್ಧವಾಗಿಯೇ ಇವೆ. ಬದಲಾಗಬೇಕಾದದ್ದು ಮತಪತ್ರದ ಮೇಲಿನ ಸೂಚನೆ ಮಾತ್ರ.

ಹಳೆಯ ಪದ್ಧತಿಯಲ್ಲಿ ಸ್ಪಷ್ಟ ಜನಾದೇಶ ಸಿಗುತ್ತದೆ ಎನ್ನುವವರಿಗೆ ವಾಂಡ್ಸ್‌ವರ್ತ್ ತೋರಿಸುತ್ತೇನೆ. 2018ರಲ್ಲಿ ಅಲ್ಲಿ ಒಟ್ಟು ಮತದಲ್ಲಿ ಲೇಬರ್ ತುಸು ಮುಂದು. ಸ್ಥಾನಗಳು ಕನ್ಸರ್ವೇಟಿವ್‌ಗೆ 33, ಲೇಬರ್‌ಗೆ 26. ಅಧಿಕಾರ ಕಡಿಮೆ ಮತ ಪಡೆದವರ ಕೈಗೆ. ತೀವ್ರವಾದಿಗಳನ್ನು ಈ ಪದ್ಧತಿ ಹೊರಗಿಡುತ್ತದೆ ಎಂಬ ಮಾತೂ ಅರ್ಧ ಸತ್ಯ. 2006ರಲ್ಲಿ ಬಾರ್ಕಿಂಗ್‌ನಲ್ಲಿ ಬ್ರಿಟಿಷ್ ನ್ಯಾಷನಲ್ ಪಾರ್ಟಿಯನ್ನು ಒಳಗೆ ಬಿಟ್ಟದ್ದು ಇದೇ ಬಾಗಿಲು.

ವೇಲ್ಸ್‌ನಲ್ಲಿ 2021ರ ಕಾಯ್ದೆ ಪ್ರತಿ ಕೌನ್ಸಿಲ್‌ಗೂ ತನ್ನ ಪದ್ಧತಿಯನ್ನು ತಾನೇ ಆರಿಸಿಕೊಳ್ಳುವ ಅವಕಾಶ ಕೊಟ್ಟಿದೆ. ಇಂಗ್ಲೆಂಡಿನ ಬರೋಗಳಿಗೆ ಆ ಅವಕಾಶವೂ ಇಲ್ಲ. ಸಂಸತ್ತೇ ಮನಸ್ಸು ಮಾಡಬೇಕು. ಹಳೆಯ ಲೆಕ್ಕದಿಂದಲೇ 2024ರಲ್ಲಿ ಶೇ 34ರಷ್ಟು ಮತಕ್ಕೆ 400ಕ್ಕೂ ಹೆಚ್ಚು ಸ್ಥಾನ ಪಡೆದ ಪಕ್ಷ ಆ ಸಂಸತ್ತಿನಲ್ಲಿ ಕೂತಿದೆ. ಮನಸ್ಸು ಯಾಕೆ ಮಾಡೀತು?

ವಿರೋಧ: ಇಳಿಸುವ ದಾರಿ ನೇರವಾಗಿರಲಿ

ಬಾರ್ಕಿಂಗ್ ಕಥೆಯನ್ನು ಅರ್ಧಕ್ಕೆ ನಿಲ್ಲಿಸಬಾರದು. ಪೂರ್ತಿ ಹೇಳುತ್ತೇನೆ.

ಡಾಗೆನಮ್‌ನಲ್ಲಿ ಫೋರ್ಡ್ ಕಂಪನಿ ಕಾರು ಜೋಡಿಸುವುದನ್ನು ನಿಲ್ಲಿಸಿದ್ದು 2002ರಲ್ಲಿ. ಅಪ್ಪ ದುಡಿದಲ್ಲೇ ಮಗ ದುಡಿಯುತ್ತಿದ್ದ ಊರು ಅದು. ಅಲ್ಲಿನ ಬೆಕಂಟ್ರಿ ಬಡಾವಣೆಯ ಸಾವಿರಾರು ಕೌನ್ಸಿಲ್ ಮನೆಗಳು ಮಾರಾಟವಾಗಿ ಹೋಗಿದ್ದವು. ಹೊಸಬರಿಗೆ ಬಾಡಿಗೆಗೆ ಮನೆ ಸಿಗುತ್ತಿರಲಿಲ್ಲ. ಸಿಟ್ಟಿಗೆ ವಿಳಾಸ ಬೇಕಿತ್ತು. ವಲಸಿಗರೇ ಕಾರಣ ಎಂದು ಬ್ರಿಟಿಷ್ ನ್ಯಾಷನಲ್ ಪಾರ್ಟಿ ಬೆರಳು ತೋರಿಸಿತು. 2006ರ ಮೇ ತಿಂಗಳಲ್ಲಿ ಅದಕ್ಕೆ 12 ಸ್ಥಾನ; ಕೌನ್ಸಿಲ್‌ನಲ್ಲಿ ಎರಡನೆಯ ದೊಡ್ಡ ಪಕ್ಷ. ಮುಂದಿನ ನಾಲ್ಕು ವರ್ಷ ಲೇಬರ್ ಕಾರ್ಯಕರ್ತರು, ಜನಾಂಗದ್ವೇಷ ವಿರೋಧಿ ಗುಂಪುಗಳು, ಚರ್ಚಿನವರು ಬಾಗಿಲು ಬಾಗಿಲು ತಟ್ಟಿದರು. 2010ರ ಮೇ 6ರಂದು ಸಂಸತ್ತಿಗೂ ಕೌನ್ಸಿಲ್‌ಗೂ ಒಟ್ಟಿಗೆ ಮತದಾನ. ಬ್ರಿಟಿಷ್ ನ್ಯಾಷನಲ್ ಪಾರ್ಟಿಯ ನಾಯಕ ನಿಕ್ ಗ್ರಿಫಿನ್ ಬಾರ್ಕಿಂಗ್ ಸಂಸತ್ ಕ್ಷೇತ್ರದಲ್ಲಿ ಮೂರನೆಯವರಾದರು. ಕೌನ್ಸಿಲ್‌ನಲ್ಲಿ 12ರಲ್ಲಿ ಒಂದೂ ಉಳಿಯಲಿಲ್ಲ. 51ಕ್ಕೆ 51 ಎಂದು ಈಗ ನಾವು ಹಲ್ಲು ಕಡಿಯುವ ಅಂಕಿಯ ಮೊದಲ ಸಲ ಅದೇ.

ಪ್ರಾಶಸ್ತ್ಯ ಮತವಿದ್ದರೆ ಮೂರು ಸ್ಥಾನದ ವಾರ್ಡಿನಲ್ಲಿ ಕಾಲು ಭಾಗ ಮತ ಉಳಿಸಿಕೊಂಡವನು ಕುರ್ಚಿಯನ್ನೂ ಉಳಿಸಿಕೊಳ್ಳುತ್ತಾನೆ. ಒಮ್ಮೆ ಒಳಗೆ ಬಂದವನಿಗೆ ಭತ್ಯೆ, ಕಚೇರಿ, ಪತ್ರಿಕೆಯಲ್ಲಿ ಹೆಸರು. ಹಳೆಯ ಪದ್ಧತಿ ಒಳಗೆ ಬಿಡುವುದೂ ಹೌದು, ಆದರೆ ಗುಡಿಸಿ ಹಾಕುವುದೂ ಅದಕ್ಕೆ ಗೊತ್ತು. ನನಗೆ ಆ ಎರಡನೆಯ ಗುಣ ಮುಖ್ಯ.

ಅದು ದ್ವೇಷದ ಪಕ್ಷಕ್ಕೆ ಮಾತ್ರ ಅನ್ವಯಿಸುವ ಗುಣವಲ್ಲ. ಲಂಡನ್ನಿನ ನೈಋತ್ಯಕ್ಕಿರುವ ವೋಕಿಂಗ್ ಬರೋದಲ್ಲಿ ಕನ್ಸರ್ವೇಟಿವ್ ಆಡಳಿತ ಸಾಲ ತಂದು ಗಗನಚುಂಬಿ ಕಟ್ಟಡಗಳನ್ನೆಬ್ಬಿಸಿತು. ಸಾಲ 200 ಕೋಟಿ ಪೌಂಡಿನ ಹತ್ತಿರ ಬಂದಾಗ, 2023ರ ಜೂನ್‌ನಲ್ಲಿ, ಕೌನ್ಸಿಲ್ ಅಧಿಕೃತವಾಗಿ ಕೈಚೆಲ್ಲಿತು. ಅಷ್ಟರಲ್ಲಿ ಮತದಾರರು 2022ರಲ್ಲೇ ಆಡಳಿತವನ್ನು ಲಿಬರಲ್ ಡೆಮಾಕ್ರಾಟರಿಗೆ ಒಪ್ಪಿಸಿಯಾಗಿತ್ತು. 2024ರ ಚುನಾವಣೆಯ ನಂತರ ಅಲ್ಲಿ ಕನ್ಸರ್ವೇಟಿವ್ ಸದಸ್ಯ ಒಬ್ಬರೂ ಉಳಿಯಲಿಲ್ಲ. ತಪ್ಪು ಯಾರದು, ಶಿಕ್ಷೆ ಯಾರಿಗೆ ಎಂಬುದರಲ್ಲಿ ಗೊಂದಲವಿಲ್ಲ. ಮೂರು ಪಕ್ಷ ಕೂಡಿ ಆಳಿದ್ದರೆ ಮೂವರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗುತ್ತಿದ್ದರು.

ಕೂಡಿಕೆಯ ಮಾತು ಬಂತು, ಅಬರ್ಡೀನ್ ನೆನಪಾಗುತ್ತದೆ. ಅಲ್ಲಿ ಪ್ರಾಶಸ್ತ್ಯ ಮತ. 2017ರಲ್ಲಿ ಯಾರಿಗೂ ಬಹುಮತವಿಲ್ಲ. 45ರಲ್ಲಿ 19 ಗೆದ್ದು ಸ್ಕಾಟಿಷ್ ನ್ಯಾಷನಲ್ ಪಾರ್ಟಿ ದೊಡ್ಡ ಪಕ್ಷ. ಆಡಳಿತಕ್ಕೆ ಬಂದದ್ದು ಮಾತ್ರ ಕನ್ಸರ್ವೇಟಿವ್, ಪಕ್ಷೇತರರು ಮತ್ತು ಲೇಬರ್ ಸೇರಿದ ಕೂಟ. ಕನ್ಸರ್ವೇಟಿವರನ್ನು ದೂರವಿಡಲೆಂದೇ ಲೇಬರ್‌ಗೆ ಮತ ಹಾಕಿದವರ ಮುಖ ಊಹಿಸಿಕೊಳ್ಳಿ. ಲೇಬರ್ ಪಕ್ಷ ತನ್ನ ಒಂಬತ್ತೂ ಸದಸ್ಯರನ್ನು ಅಮಾನತು ಮಾಡಿತು, ಕೂಟ ಮುರಿಯಲಿಲ್ಲ. ಫಲಿತಾಂಶದ ಮರುದಿನ ಯಾರ ಮನೆಗೆ ಯಾರು ಹೋದರು ಎಂದು ಕಾರು ಲೆಕ್ಕ ಹಾಕುವ ರಾಜಕಾರಣ ಎಂಥದ್ದೆಂದು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಲೆಕ್ಕ. 50–30–20 ಎಂಬ ಉದಾಹರಣೆ ಎಷ್ಟು ಅಚ್ಚುಕಟ್ಟು! ಅದನ್ನೇ 45–30–25 ಮಾಡಿ ನೋಡಿ. ಮೂರು ಪಕ್ಷಕ್ಕೂ ಒಂದೊಂದು ಸ್ಥಾನ ಬರುವ ಸಾಧ್ಯತೆಯೇ ಹೆಚ್ಚು. 45 ಮಂದಿಗೂ ಒಂದು, 25 ಮಂದಿಗೂ ಒಂದು. ಮೂರು ಸ್ಥಾನದ ವಾರ್ಡಿನಲ್ಲಿ ಶೇ 15 ಮತದ ಸಣ್ಣ ಪಕ್ಷಕ್ಕೆ ಆಗಲೂ ಸಿಗುವುದು ಹೆಚ್ಚಾಗಿ ಸೊನ್ನೆಯೇ. ಅವರಿಗೂ ಪಾಲು ಬೇಕೆಂದರೆ ಐದಾರು ಸದಸ್ಯರ ದೊಡ್ಡ ವಾರ್ಡು ಬೇಕು, ಆಗ ನಮ್ಮ ಬೀದಿಯ ದೀಪಕ್ಕೆ ಯಾರನ್ನು ಕೇಳಬೇಕೆಂಬುದೇ ಗೊತ್ತಾಗುವುದಿಲ್ಲ. ಜತೆಗೆ, ಅಂಕಿ ಬರೆಯುವ ಮತಪತ್ರದಲ್ಲಿ ಪದವೀಧರರೇ ಎಡವಿ ಮತ ಅಸಿಂಧು ಮಾಡಿಕೊಳ್ಳುವುದನ್ನು ನಾವು ಪ್ರತಿ ಸಲ ಓದುತ್ತೇವೆ. ಹೊಸ ಪದ್ಧತಿ ಜನರನ್ನು ಮತಗಟ್ಟೆಗೆ ಎಳೆದು ತರುತ್ತದೆಯೇ? 2012ರ ಸ್ಕಾಟಿಷ್ ಕೌನ್ಸಿಲ್ ಚುನಾವಣೆಯಲ್ಲಿ ಮತದಾನ ಶೇ 40ನ್ನೂ ಮುಟ್ಟಲಿಲ್ಲ.

ಯಾರೂ ಎತ್ತದ ಇನ್ನೊಂದು ಮಾತು. ಪ್ರಾಶಸ್ತ್ಯ ಮತದಲ್ಲಿ ಒಂದೇ ಪಕ್ಷದ ಅಭ್ಯರ್ಥಿಗಳು ಒಬ್ಬರ ಮೇಲೊಬ್ಬರು ಸ್ಪರ್ಧಿಸಬೇಕು. ಮತಪತ್ರದಲ್ಲಿ ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿರುತ್ತವೆ; ಮೇಲಿದ್ದವರಿಗೆ 1, ಕೆಳಗಿದ್ದವರಿಗೆ 2 ಎಂದು ಗೀಚುವ ಚಾಳಿ ಸ್ಕಾಟ್ಲೆಂಡಿನಲ್ಲಿ ಎದ್ದು ಕಾಣುತ್ತದೆ. ಉಚ್ಚರಿಸಲು ಬಾರದ ಹೆಸರು ಕೆಳಗಿದ್ದರಂತೂ ಕೇಳುವುದೇ ಬೇಡ. ಮೂರು ಇಂಟು ಗುರುತಿನ ಪದ್ಧತಿಯಲ್ಲಿ ಅಂಥ ಹೆಸರಿಗೆ ನಾಲ್ಕು ಮತ ಕಡಿಮೆ ಬಿದ್ದರೂ ಪಕ್ಷದ ಅಲೆ ದಡ ಸೇರಿಸುತ್ತದೆ. ಕಲಬುರಗಿ ಕಡೆಯಿಂದ ಹೋದ ಡಾ. ನೀರಜ್ ಪಾಟೀಲ್ ಲ್ಯಾಂಬೆತ್ ಬರೋದ ಕೌನ್ಸಿಲರ್ ಆದದ್ದು, 2010ರಲ್ಲಿ ಅಲ್ಲಿನ ಮೇಯರ್ ಆದದ್ದು ಈ ಪದ್ಧತಿಯೊಳಗೇ. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಗೆ ಅವರು ಓಡಾಡಿದ್ದು ಕನ್ನಡಿಗರಿಗೆ ಗೊತ್ತು; ಅವರನ್ನು ಮೊದಲು ದಡ ಸೇರಿಸಿದ ಮತಪತ್ರದ ಬಗೆ ಯಾರಿಗೂ ನೆನಪಿಲ್ಲ.

ಹಾಗಾದರೆ ಅರವತ್ತಕ್ಕೆ ಅರವತ್ತು ಚೆನ್ನವೇ? ಅಲ್ಲ. ಕ್ರೀಡಾಂಗಣದ ದುಡ್ಡು ಮುಳುಗಿದ್ದನ್ನು ನಾನೂ ಮರೆತಿಲ್ಲ. ಆದರೆ ಅದಕ್ಕೆ ಬೆಲೆ ತೆತ್ತವರು ಯಾರು ನೋಡಿ. 2002ರಿಂದ ಮೇಯರ್ ಆಗಿದ್ದ ರಾಬಿನ್ ವೇಲ್ಸ್ ಅವರಿಗೆ 2018ರಲ್ಲಿ ಲೇಬರ್ ಸದಸ್ಯರೇ ಟಿಕೆಟ್ ತಪ್ಪಿಸಿ ಫಯಾಜ್ ಅವರನ್ನು ನಿಲ್ಲಿಸಿದರು. ವಿರೋಧ ಪಕ್ಷ ಇಲ್ಲದ ಊರಿನಲ್ಲಿ ವಿರೋಧವು ಪಕ್ಷದೊಳಗೇ ಹುಟ್ಟಿತು.

ಗೋಡೆ ಹೊರಗಿನಿಂದಲೂ ಬಿರುಕು ಬಿಟ್ಟಿತು. 2022ರಲ್ಲಿ ನ್ಯೂಹ್ಯಾಮ್ ಸ್ಥಾನಗಳು 66ಕ್ಕೆ ಏರಿದವು. ಸ್ಟ್ರಾಟ್‌ಫರ್ಡ್ ಒಲಿಂಪಿಕ್ ಪಾರ್ಕ್ ವಾರ್ಡಿನ ಎರಡೂ ಸ್ಥಾನ ಗ್ರೀನ್ ಪಕ್ಷಕ್ಕೆ ಹೋದವು. ಮರುವರ್ಷ ಜುಲೈನಲ್ಲಿ ಬೋಲೀನ್ ವಾರ್ಡಿನ ಉಪಚುನಾವಣೆ. ವೆಸ್ಟ್ ಹ್ಯಾಮ್ ತಂಡದ ಹಳೆಯ ಮೈದಾನದ ಹೆಸರು ಹೊತ್ತ ಆ ವಾರ್ಡಿನಲ್ಲಿ ಪಕ್ಷೇತರ ಅಭ್ಯರ್ಥಿಯೊಬ್ಬರು ಲೇಬರ್ ಅನ್ನು ಸೋಲಿಸಿದರು. ಪೆನ್ಸಿಲ್ ಅದೇ, ದಾರ ಅದೇ, ಹಾಕಿದ್ದು ಇಂಟು ಗುರುತೇ.