ಅಣ್ಣನ ಫೋನಾ?

ಅಕ್ಕನ ಮಗಳು ರಜೆಗೆ ನಮ್ಮ ಮನೆಗೆ ಬಂದಿದ್ದಾಳೆ. 17 ವರ್ಷ. ರಾತ್ರಿ ಊಟ ಮುಗಿದ ಮೇಲೆ ಮೊಬೈಲ್‌ನಲ್ಲಿ ಗೇಮ್ ಆಡುತ್ತಾಳೆ. ನಾಲ್ಕು ಜನರ ಸ್ಕ್ವಾಡ್, ಅಂದರೆ ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡುವ ತಂಡ. ಎರಡು ಹೆಬ್ಬೆರಳು, ಎರಡು ತೋರುಬೆರಳು ಸ್ಕ್ರೀನ್ ಮೇಲೆ ಓಡಾಡುವುದನ್ನು ನೋಡುವುದೇ ಒಂದು ಖುಷಿ. ಆದರೆ ಮೈಕ್ ಯಾವಾಗಲೂ ಆಫ್. ಗೇಮ್‌ನಲ್ಲಿ ಇಟ್ಟುಕೊಂಡಿರುವ ಹೆಸರೂ ಹುಡುಗನದ್ದು.

"ಯಾಕೆ ಪುಟ್ಟಿ, ಮಾತಾಡಿಕೊಂಡು ಆಡಿದ್ರೆ ಸುಲಭ ಅಲ್ವಾ?" ಅಂದೆ.

"ಬೇಡ ಚಿಕ್ಕಮ್ಮ, ಸುಮ್ನೆ ತಲೆನೋವು."

ಮೊನ್ನೆ ಕೈತಪ್ಪಿ ಮೈಕ್ ಆನ್ ಆಯಿತು. "ಎಡಗಡೆ ಮನೆ ಮೇಲೆ ಒಬ್ಬ ಇದಾನೆ" ಅಂದಳು, ಅಷ್ಟೇ. ಆ ಕಡೆಯಿಂದ ಒಬ್ಬ "ಲೋ, ಹುಡುಗಿ ಕಣ್ರೋ!" ಅಂದ. ಇನ್ನೊಬ್ಬ "ಅಣ್ಣನ ಫೋನಾ? ಅವನ ಕೈಗೆ ಕೊಡು, ಆಟ ಹಾಳು ಮಾಡಬೇಡ" ಅಂದ. ಆ ಹೊತ್ತಿಗೆ ಟೀಮಿನಲ್ಲಿ ಜಾಸ್ತಿ ಕಿಲ್, ಅಂದರೆ ಎದುರಾಳಿಗಳನ್ನು ಹೊಡೆದುರುಳಿಸಿದ ಲೆಕ್ಕ, ಇದ್ದದ್ದು ಇವಳದ್ದೇ. ಸ್ವಲ್ಪ ಮುಂಚೆ ಅವನು ಬಿದ್ದಾಗ ರಿವೈವ್ ಮಾಡಿ ಎಬ್ಬಿಸಿದ್ದೂ ಇವಳೇ. ಆಮೇಲೆ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಇವಳು ಮೈಕ್ ಆಫ್ ಮಾಡಿ ಆಟ ಮುಂದುವರಿಸಿದಳು. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಇಷ್ಟು ಚಿಕ್ಕ ವಯಸ್ಸಿಗೇ ಇದೆಲ್ಲ ಇವಳಿಗೆ ರೂಢಿಯಾಗಿಹೋಗಿದೆ ಅನ್ನುವುದು ನನ್ನ ಹೊಟ್ಟೆ ಉರಿಸಿತು.

ಹೀಗೆ ಹೆಸರು ಮುಚ್ಚಿಟ್ಟುಕೊಂಡು ಬರುವುದು ಗೇಮ್, ಸೈನ್ಸ್ ಫಿಕ್ಷನ್, ಕಾಮಿಕ್ಸ್‌ಗಳ ಈ ಲೋಕದಲ್ಲಿ ಹಳೇ ಕತೆ. ಅಮೆರಿಕದಲ್ಲಿ 1968ರಿಂದ ಜೇಮ್ಸ್ ಟಿಪ್‌ಟ್ರೀ ಜೂನಿಯರ್ ಅನ್ನುವ ಹೆಸರಲ್ಲಿ ಸೈನ್ಸ್ ಫಿಕ್ಷನ್ ಕತೆಗಳು ಬರತೊಡಗಿದವು. ಓದುಗರು ಮುಗಿಬಿದ್ದರು. ಸೈನ್ಸ್ ಫಿಕ್ಷನ್‌ನ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಕೂಡ ಬಂದವು. ಲೇಖಕರನ್ನು ಮಾತ್ರ ಯಾರೂ ಕಂಡಿರಲಿಲ್ಲ, ಏನಿದ್ದರೂ ಪತ್ರದಲ್ಲೇ. ಹೆಂಗಸಿರಬಹುದಾ ಅಂತ ಗುಸುಗುಸು ಎದ್ದಾಗ ರಾಬರ್ಟ್ ಸಿಲ್ವರ್‌ಬರ್ಗ್‌ರಂಥ ದೊಡ್ಡ ಲೇಖಕರೇ ಅದನ್ನು ತಳ್ಳಿಹಾಕಿದರು. ಈ ಬರವಣಿಗೆಯಲ್ಲಿ ಗಂಡಸುತನ ಎದ್ದು ಕಾಣುತ್ತದೆ ಅಂತ 1975ರಲ್ಲಿ ಟಿಪ್‌ಟ್ರೀ ಕಥಾಸಂಕಲನದ ಮುನ್ನುಡಿಯಲ್ಲೇ ಬರೆದರು. 1977ರ ಹೊತ್ತಿಗೆ ಎಲ್ಲರಿಗೂ ಗೊತ್ತಾಯಿತು: ಟಿಪ್‌ಟ್ರೀ ಅಂದರೆ ಆಲಿಸ್ ಶೆಲ್ಡನ್, ಅರವತ್ತು ದಾಟಿದ ಹೆಂಗಸು. ಮಾರ್ಮಲೇಡ್ ಅನ್ನುವ ಹಣ್ಣಿನ ಜಾಮ್‌ನ ಬಾಟಲಿ ಮೇಲಿದ್ದ ಹೆಸರನ್ನು ತೆಗೆದು ತಮಗಿಟ್ಟುಕೊಂಡಿದ್ದರು. ಕತೆಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ನಮ್ಮ ಹುಡುಗಿಯ ಆಟವೂ ಅಷ್ಟೇ ತಾನೆ? ದನಿ ಕೇಳುವ ತನಕ ಒಳ್ಳೇ ಪ್ಲೇಯರ್, ಕೇಳಿದ ಮೇಲೆ ಅಣ್ಣನ ಫೋನ್.

"ಹುಡುಗಿಯರೆಲ್ಲ ಮೊನ್ನೆ ಮೊನ್ನೆ ಬಂದವರು, ನಿಜವಾದ ಫ್ಯಾನ್‌ಗಳಲ್ಲ" ಅನ್ನುವವರಿಗೆ ಸ್ಟಾರ್ ಟ್ರೆಕ್ ಅನ್ನುವ ಅಮೆರಿಕದ ಬಾಹ್ಯಾಕಾಶ ಸರಣಿಯ ಕತೆ ಹೇಳಬೇಕು. ಟಿವಿಯಲ್ಲಿ ಅದು ಶುರುವಾದದ್ದು 1966ರಲ್ಲಿ. ಮರುವರ್ಷವೇ ಅಭಿಮಾನಿಗಳು ತಮ್ಮದೇ ಒಂದು ಪತ್ರಿಕೆ ತಂದರು. ಅದರ ಸಂಪಾದಕರು ಇಬ್ಬರು ಹೆಂಗಸರು. ಎರಡನೇ ಸೀಸನ್‌ಗೆ ನಿಂತೇ ಹೋಗುತ್ತದೆ ಅನ್ನುವಾಗ ಬ್ಜೋ ಟ್ರಿಂಬಲ್ ಅನ್ನುವ ಮಹಿಳೆ ಗಂಡನ ಜೊತೆ ಸೇರಿ ದೇಶದ ತುಂಬ ಜನರಿಂದ ಚಾನೆಲ್‌ಗೆ ಕಾಗದ ಬರೆಸಿದರು. ಮೂರನೇ ಸೀಸನ್ ಬಂತು. ಆ ಸರಣಿಗೆ ಕತೆ ಬರೆದ ಡೊರೊಥಿ ಫೊಂಟಾನಾ ಹೆಸರು ಪರದೆ ಮೇಲೆ ಬರುತ್ತಿದ್ದದ್ದು ಡಿ.ಸಿ. ಫೊಂಟಾನಾ ಅಂತ. ಅಲ್ಲೂ ಇನಿಷಿಯಲ್ ಹಿಂದೆ ಹೆಂಗಸಿನ ಹೆಸರು ಅಡಗಿತ್ತು.

ನಾನೂ ಟ್ರೆಕ್ ಹುಚ್ಚಿನವಳೇ. ಒಮ್ಮೆ ಒಂದು ಕಾಮಿಕ್ಸ್ ಮೇಳಕ್ಕೆ ಹೋಗಿದ್ದೆ. ಅಂಗಡಿಯವನನ್ನು ಪ್ರಶ್ನೆ ಕೇಳಿದ್ದು ನಾನು. ಅವನು ಉತ್ತರ ಕೊಟ್ಟದ್ದು ಪಕ್ಕದಲ್ಲಿದ್ದ ನನ್ನ ಗಂಡನಿಗೆ. ನನ್ನ ಗಂಡ ಒಂದು ಕಂತೂ ನೋಡಿದವರಲ್ಲ!

"ಗೇಮ್‌ನಲ್ಲಿ ಎಲ್ಲರೂ ಬೈಸಿಕೊಳ್ಳುತ್ತಾರೆ, ಹುಡುಗರಿಗೂ ಬೀಳುತ್ತೆ" ಅಂತ ಅಕ್ಕನ ಮಗನೇ ನನಗೆ ಹೇಳಿದ. ಹೌದಪ್ಪ, ಬೀಳುತ್ತೆ. ನೀನು ಕೆಟ್ಟದಾಗಿ ಆಡಿದ್ದಕ್ಕೆ ಬೀಳುತ್ತೆ, ನಾಳೆ ಚೆನ್ನಾಗಿ ಆಡಿದರೆ ನಿಲ್ಲುತ್ತೆ. ನಿನ್ನ ತಂಗಿ ಎಷ್ಟು ಚೆನ್ನಾಗಿ ಆಡಿದರೂ ನಿಲ್ಲಲ್ಲ. ಇದು ಬರೀ ಬಾಯಿಮಾತಿಗೆ ನಿಲ್ಲುತ್ತೆ ಅಂತಲೂ ಅಂದುಕೊಳ್ಳಬೇಡಿ. ಗೇಮ್‌ಗಳಲ್ಲಿ ಹೆಂಗಸರನ್ನು ಹೇಗೆ ತೋರಿಸುತ್ತಾರೆ ಅಂತ ವಿಡಿಯೋ ಮಾಡುತ್ತಿದ್ದ ಅನಿತಾ ಸರ್ಕೀಸಿಯನ್ 2014ರಲ್ಲಿ ಅಮೆರಿಕದ ಯೂಟಾ ರಾಜ್ಯದ ಯೂನಿವರ್ಸಿಟಿಯೊಂದರಲ್ಲಿ ಭಾಷಣ ಮಾಡಬೇಕಿತ್ತು. ಬಂದರೆ ಗುಂಡು ಹಾರಿಸಿ ಜನರನ್ನು ಕೊಲ್ಲುತ್ತೇವೆ ಅಂತ ಬೆದರಿಕೆ ಬಂತು. ಭಾಷಣ ರದ್ದಾಯಿತು.

ಮೊನ್ನೆ ಆಟ ಮುಗಿದ ಮೇಲೆ ಇವಳನ್ನು ಕೇಳಿದೆ. ಇಬ್ಬರು ಬೈದರು, ಸರಿ. ಸ್ಕ್ವಾಡ್‌ನಲ್ಲಿ ಇನ್ನೊಬ್ಬ ಇದ್ದನಲ್ಲ, ಅವನು?

"ಅವನು ಒಳ್ಳೆಯವನು ಅನ್ಸುತ್ತೆ ಚಿಕ್ಕಮ್ಮ. ಏನೂ ಅನ್ನಲಿಲ್ಲ."

ಅವನ ಮೈಕ್ ಆನ್ ಇತ್ತಂತೆ. ಹಿಂದೆ ಯಾರೋ "ಊಟಕ್ಕೆ ಬಾರೋ" ಅಂತ ಕರೆದದ್ದೂ ಕೇಳಿಸಿತಂತೆ. ಹಾಗೆ ಕರೆದ ಅಮ್ಮ ನನ್ನ ಫ್ರೆಂಡ್ ಲಿಸ್ಟ್‌ನಲ್ಲೇ ಇರಬಹುದು. ಇವತ್ತು ರಾತ್ರಿ ನಿಮ್ಮ ಮಗ ಹೆಡ್‌ಫೋನ್ ಹಾಕಿಕೊಂಡು ಕೂತಾಗ ಪಕ್ಕದಲ್ಲಿ ಕೂತು ಒಂದು ಮಾತು ಹೇಳಿ: ಜೊತೆಯವರು ಯಾರಾದರೂ ಹಾಗೆ ಶುರು ಮಾಡಿದರೆ "ಸುಮ್ನಿರೋ, ಆಟ ಆಡು" ಅನ್ನು ಅಂತ.