ಮ್ಯಾಂಚೆಸ್ಟರಿನವನಿಗೆ ನಮಸ್ಕಾರ, ಕುಂದಗೋಳದವನಿಗೆ ಚೀಟಿ

ನಿನ್ನೆಯಿಂದ ತಲೆ ಕೆಟ್ಟು ಕೂತಿದೆ. ಬರೆದು ಇಳಿಸದೇ ಹೋದರೆ ಇವತ್ತೂ ನಿದ್ದೆ ಬರಾಂಗಿಲ್ಲ.

ತಂಗಿ ಮಗ ನಮ್ಮ ವಿದ್ಯಾನಗರದ ಮನೆಗೆ ಬಂದು ಹದಿನೈದು ದಿನ ಆಯ್ತು. ಪ್ಲ್ಯಾಬ್-2 ತಯಾರಿ ನಡೆದಿದೆ. ಇಲ್ಲಿ ಎಂಬಿಬಿಎಸ್ ಮುಗಿಸಿದವರು ಇಂಗ್ಲೆಂಡಿನಲ್ಲಿ ಡಾಕ್ಟರಾಗಬೇಕಂದರೆ ದಾಟಬೇಕಾದ ಹೊಸ್ತಿಲು ಅದು. ಮೊದಲ ಭಾಗವನ್ನು ಭಾರತದಲ್ಲೇ ಬರೆಯಬಹುದು, ಎರಡನೆಯದಕ್ಕೆ ಮ್ಯಾಂಚೆಸ್ಟರಿಗೇ ಹೋಗಬೇಕು. ಫೀಸೇ ಸಾವಿರ ಪೌಂಡಿನ ಆಜುಬಾಜು, ವೀಸಾ, ವಿಮಾನ, ಕೋಚಿಂಗ್ ಬೇರೆ. ಒಟ್ಟು 16 ಸ್ಟೇಷನ್, ಅಂದರೆ ಒಂದೊಂದರಲ್ಲಿ ಒಬ್ಬ ರೋಗಿಯನ್ನು ನೋಡಿ ತೋರಿಸಬೇಕಾದ ಸಣ್ಣ ಪರೀಕ್ಷೆ. ಹೊರಗಿನ ಚೀಟಿ ಓದಲು ಒಂದೂವರೆ ನಿಮಿಷ, ಒಳಗೆ 8 ನಿಮಿಷ. ಒಳಗೆ ಕೂತಿರುವವರು ಬಹಳ ಸಲ ರೋಗಿಗಳೇ ಅಲ್ಲ, ರೋಗಿಯ ಪಾತ್ರ ಕಲಿತು ಬಂದ ನಟರು.

ಮನೆಯಲ್ಲಿ ಆ ಪಾತ್ರ ನಮ್ಮ ಅವ್ವನದು. ಮೊನ್ನೆ ರಾತ್ರಿ ಪಡಸಾಲೆಯಲ್ಲಿ ಮೆಂತ್ಯೆ ಪಲ್ಯ ಸೋಸುತ್ತ ಕೂತಿದ್ದಳು. ಹುಡುಗ ಮೊಬೈಲಿನಲ್ಲಿ 8 ನಿಮಿಷಕ್ಕೆ ಟೈಮರ್ ಇಟ್ಟು, ಇಲ್ಲದ ಸ್ಯಾನಿಟೈಸರಿನಿಂದ ಕೈ ತಿಕ್ಕಿಕೊಂಡು, ಬಾಗಿ, ನಗುತ್ತ ತನ್ನ ಹೆಸರು ಹೇಳಿದ. ನಿಮ್ಮನ್ನು ಏನಂತ ಕರೀಲಿ ಅಂತ ಕೇಳಿದ. ಅವ್ವ ನನ್ನ ಮುಖ ನೋಡಿದಳು. "ಏನ ಆಗೇದೋ ಇವಂಗ? ಹುಟ್ಟಿದಾಗಿಂದ ಆಯಿ ಅಂತಾನ, ಇವತ್ತ ಹೆಸರು ಕೇಳಾಕತ್ತಾನ."

ಎದೆನೋವು ಯಾವಾಗ ಶುರುವಾಯ್ತು ಅಂದರೆ, ಕಾರಹುಣ್ಣಿವಿ ಮರುದಿನ ಅಂದಳು. "ಐ ಆಮ್ ಸೋ ಸಾರಿ ಟು ಹಿಯರ್ ದ್ಯಾಟ್" ಅಂದ, ಹುಬ್ಬು ಕೂಡಿಸಿ. ಆಮೇಲೆ ಅವರ ಸಿಲಬಸ್ಸಿನ ಪ್ರಶ್ನೆ: "ಇದು ಏನಿರಬಹುದು ಅಂತ ನಿಮಗ ಅನಸ್ತದ?"

"ಅದನ್ನ ನೀ ಹೇಳಬೇಕಲ್ಲಪಾ. ನಾನ ಹೇಳೂದಿದ್ರ ನಿನಗ ಫೀಸ್ ಯಾಕ ಕೊಡ್ಲಿ?"

"ನಿಮಗ ಚಿಂತಿ ಏನರ ಐತೇನ್ರಿ?"

"ಖರ್ಚ ಎಷ್ಟ ಬರತೈತಿ?"

ಟೈಮರ್ ಹೊಡೆದುಕೊಂಡಿತು. ಅವ್ವ ಮಾತ್ರ ಮುಂದಿನ ಅರ್ಧ ತಾಸು ಎದೆನೋವಿನ ಕಥೆ ಬೆಳೆಸುತ್ತಲೇ ಇದ್ದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಖರೇ ಹೇಳ್ತೀನಿ, ಹುಡುಗನ ಬಗ್ಗೆ ಹೆಮ್ಮೆಯೂ ಆಗಿತ್ತು.

ನಿನ್ನೆ ಅವನನ್ನು ಹಳೇ ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಕುಂದಗೋಳದ ಕಡೆಯವನೊಬ್ಬ ಬಂದ, ಅರವತ್ತು ದಾಟಿದವನು, ಕೈಯಲ್ಲಿ ಹಳೇ ಚೀಟಿಗಳ ಪ್ಲಾಸ್ಟಿಕ್ ಚೀಲ. "ಇವರನ್ನ ನೀ ನೋಡು" ಅಂದೆ. ಹುಡುಗ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಏನಾಗೇತಿ?" ಅಷ್ಟೇ. ಆತ ಚೀಲದ ಗಂಟು ಬಿಚ್ಚುವುದರೊಳಗೆ ಬಿಪಿ ಪಟ್ಟಿ ಕಟ್ಟಿಯಾಗಿತ್ತು. ಹೆಸರು ಹೇಳಲಿಲ್ಲ, ಕೇಳಲೂ ಇಲ್ಲ. ಸಾರಿ ಗೀರಿ ಏನೂ ಇಲ್ಲ. ಎರಡು ನಿಮಿಷದಲ್ಲಿ ಚೀಟಿ ಬರೆದು ನನ್ನ ಕಡೆ ದೂಡಿದ.

ಆತ ಹೋದ ಮೇಲೆ ಕೇಳಿದೆ, ಮೊನ್ನೆ ರಾತ್ರಿಯ ಡಾಕ್ಟರ್ ಎಲ್ಲಿ ಹೋದನಪಾ ಅಂತ.

"ಮಾಮಾ, ಅದು ಎಕ್ಸಾಮಿಗೆ."

ಈ ಮಾತೇ ನನ್ನ ಕೆರಳಿಸಿದ್ದು. ಎಕ್ಸಾಮಿಗೆ! ಪ್ರತಿ ಸ್ಟೇಷನ್ನಿಗೆ ಮೂರು ಭಾಗದಲ್ಲಿ ನಾಲ್ಕು ನಾಲ್ಕು ಅಂಕ, ಅದರಲ್ಲಿ ಒಂದು ಭಾಗ ರೋಗಿಯ ಜೊತೆ ಹೆಂಗ ನಡೆದುಕೊಂಡೆ ಅನ್ನುವುದಕ್ಕೇ. ಅಂಕ ಇದೆ, ಅದಕ್ಕೆ ನಗು ಇದೆ. ಪಗಾರ ತಗೊಂಡು ಹೊಟ್ಟೆ ಹಿಡಿದುಕೊಳ್ಳುವ ನಟನಿಗೆ ಸಿಗುವ ಮರ್ಯಾದೆ, ಖರೇನೇ ಹೊಟ್ಟೆ ನೊಂದು ಬಸ್ಸು ಹತ್ತಿ ಬಂದವನಿಗೆ ಸಿಗುವುದಿಲ್ಲ.

ಹುಡುಗನನ್ನು ಬೈದು ನಾನು ಶಾಣ್ಯಾ ಆಗುವುದಿಲ್ಲ. ಅವನಿಗೆ ಕಲಿಸಿದವರು ಯಾರು? ನಾವೇ. ನಮ್ಮ ಫೈನಲ್ ಇಯರ್ ಪ್ರಾಕ್ಟಿಕಲ್ ನೆನಪಾಗುತ್ತದೆ. ಲಾಂಗ್ ಕೇಸಿಗೆ, ಅಂದರೆ ಒಬ್ಬ ರೋಗಿಯನ್ನು ಪೂರ್ತಿ ಪರೀಕ್ಷಿಸಿ ಹೇಳುವುದಕ್ಕೆ, ನನ್ನ ಪಾಲಿಗೆ ಬಂದವನು ನವಲಗುಂದ ಕಡೆಯ ರೈತ, ಮೈಟ್ರಲ್ ಸ್ಟಿನೋಸಿಸ್, ಹೃದಯದ ಒಂದು ಕವಾಟ ಇಕ್ಕಟ್ಟಾಗುವ ರೋಗ. ವಾರದಿಂದ ಅವನ ಎದೆಗೆ ಎಷ್ಟು ಸ್ಟೆತಾಸ್ಕೋಪ್ ಬಡಿದಿದ್ದವೋ. ನನ್ನ ಕೈ ನಡುಗುವುದು ನೋಡಿ ತಾನೇ ಪಿಸುಗುಟ್ಟಿದ: "ಸಾಹೇಬ್ರ, ಎಡಕ್ಕ ಹೊಳ್ಳಿ ಮಲಗ್ಲೇನ್ರಿ? ಹಂಗಾದ್ರ ಚಲೋ ಕೇಳತೈತಂತ. ಉಸಿರು ಬಿಟ್ಟು ಹಿಡೀಲೇನು?" ಆ ರೋಗದ ಗುರುಗುರು ಸಪ್ಪಳ, ಮರ್ಮರ್ ಅಂತೀವಿ, ಎಡಮಗ್ಗುಲಿಗೆ ಮಲಗಿಸಿ, ಉಸಿರು ಹೊರಗೆ ಬಿಡಿಸಿ, ಸ್ಟೆತಾಸ್ಕೋಪಿನ ಬೆಲ್ ಇಟ್ಟಾಗಲೇ ಸ್ಪಷ್ಟ ಕೇಳುವುದು. ನನಗಿಂತ ಚಲೋ ಅವನಿಗೆ ಗೊತ್ತಿತ್ತು. ನನ್ನನ್ನು ಪಾಸ್ ಮಾಡಿಸಿದವನು ಅವನು. ಕೇಸ್ ಶೀಟಿನ ಮೊದಲ ಸಾಲಿನಲ್ಲಿ ಅವನ ಹೆಸರು ಬರೆದಿದ್ದೆ, ಈಗ ನೆನಪಿಲ್ಲ. ನನ್ನ ಹೆಸರಂತೂ ಅವನಿಗೆ ಹೇಳಲೇ ಇಲ್ಲ. ಎಕ್ಸಾಮಿನರ್ ಕೇಳಿದ್ದೂ ಮರ್ಮರ್ ಬಗ್ಗೆ ಮಾತ್ರ. ಹೊರಡುವಾಗ ಒಂದು ಬಿಸ್ಕಿಟ್ ಪುಡಿಕೆ ಕೊಟ್ಟೆ, ಋಣ ತೀರಿತು ಅಂದುಕೊಂಡೆ.

ಈಗ ಕಾಮೆಂಟಿನಲ್ಲಿ ಡಾಕ್ಟರ್ ಮಿತ್ರರು ಬರುತ್ತೀರಿ, ಗೊತ್ತು. "ಒಪಿಡಿಯೊಳಗ ನೂರೈವತ್ತು ಮಂದಿ ನಿಂತಿರ್ತಾರ, ಹೆಸರು ಹೇಳಕೋತ ಕೂಡ್ಲೇನು?" ಹೇಳಿ ನೋಡ್ರಿ, ಗಡಿಯಾರ ಹಿಡಿದು. ಮೂರು ಸೆಕೆಂಡು. ಮೆಡಿಕಲ್ ರೆಪ್ ಬಂದಾಗ ಚಹಾ ತರಿಸಲು ವ್ಯಾಳ್ಯಾ ಸಿಗುತ್ತದೆ.

"ಅದು ಅವರ ಸಂಸ್ಕೃತಿ, ನಮ್ಮದಲ್ಲ" ಅನ್ನುವವರಿಗೆ: ಕೇಟ್ ಗ್ರೇಂಜರ್ ಅಂತ ಇಂಗ್ಲೆಂಡಿನಲ್ಲೇ ಒಬ್ಬ ಡಾಕ್ಟರ್ ಇದ್ದಳು. ಕ್ಯಾನ್ಸರ್ ಆಗಿ 2013ರಲ್ಲಿ ಆಸ್ಪತ್ರೆ ಸೇರಿದಾಗ, ತನ್ನನ್ನು ನೋಡಲು ಬಂದವರಲ್ಲಿ ಎಷ್ಟೋ ಜನ ಹೆಸರೇ ಹೇಳುತ್ತಿಲ್ಲ ಅಂತ ನೊಂದು 'ಹಲೋ, ಮೈ ನೇಮ್ ಈಸ್' ಅಂತ ಅಭಿಯಾನವನ್ನೇ ಶುರು ಮಾಡಿದಳು. 2016ರಲ್ಲಿ ತೀರಿಕೊಂಡಳು. ಅಲ್ಲೂ ಅದು ಹುಟ್ಟಿನಿಂದ ಬಂದದ್ದಲ್ಲ, ಜಗ್ಗಾಡಿ ತಂದದ್ದು.

ಅಮೆರಿಕದವರು ಇಂಥದೇ ಪರೀಕ್ಷೆಯನ್ನು, ಸ್ಟೆಪ್ 2 ಸಿಎಸ್, 2004ರಿಂದ ನಡೆಸಿ, ಕೋವಿಡ್‌ನಲ್ಲಿ ನಿಲ್ಲಿಸಿ, 2021ರಲ್ಲಿ ಪೂರ್ತಿ ಕೈಬಿಟ್ಟರು ಅನ್ನುವುದೂ ನಿಜ. ಖರ್ಚು ಬಹಳ, ಪ್ರಯೋಜನ ಕಡಿಮೆ ಅಂತ ಅಲ್ಲಿಯ ವಿದ್ಯಾರ್ಥಿಗಳು ಮೊದಲಿಂದ ಕೂಗಾಡಿದ್ದರು. ಇರಲಿ. ಪರೀಕ್ಷೆ ಬಿಟ್ಟರು, ಹೆಸರು ಹೇಳುವುದನ್ನು ಬಿಡ್ರಿ ಅಂತ ಯಾರೂ ಹೇಳಲಿಲ್ಲ. ನಮ್ಮಲ್ಲಿಯೂ 2019ರ ಬ್ಯಾಚಿನಿಂದ ಸಂವಹನ, ನೈತಿಕತೆ ಅಂತ ಪಾಠ ಸೇರಿದೆ. ಸೇರಿದೆ ಸೇರಿದೆ. ಲಾಗ್‌ಬುಕ್ಕಿನಲ್ಲಿ ಸಹಿ ಬಿದ್ದಿರುತ್ತದೆ. ನಮ್ಮ ಹುಡುಗನದ್ದೂ ಬಿದ್ದಿದೆ, ಕೇಳಿದೆ.

ರಾತ್ರಿಯೆಲ್ಲ ಇದನ್ನೇ ತಿರುವಿ ಹಾಕುತ್ತಿದ್ದೆ. ಹುಡುಗನ ಮೇಲೆ ರೇಗಿದ ನಾನು, ಇಪ್ಪತ್ತೆಂಟು ವರ್ಷದ ಪ್ರಾಕ್ಟೀಸಿನಲ್ಲಿ ಯಾರಿಗಾದರೂ ಹೆಸರು ಹೇಳಿದ್ದೇನೆಯೇ? ಬೋರ್ಡಿನ ಮೇಲೆ ಇದೆಯಲ್ಲ ಅಂತ ಸಮಾಧಾನ. ಓದಲು ಬಾರದವರೇ ಅರ್ಧಕ್ಕರ್ಧ ಬರುತ್ತಾರೆ.

ಹಂಗಾಗಿ ಇವತ್ತು ಮುಂಜಾನೆ ಮೊದಲ ಪೇಶೆಂಟಿಗೆ ಎದ್ದು ನಿಂತು ಕೈ ಮುಗಿದು ನನ್ನ ಹೆಸರು ಹೇಳಿದೆ. ಹನ್ನೆರಡು ವರ್ಷದಿಂದ ಶುಗರಿಗೆ ಬರುವ ಮುದುಕಿ. ಆಕೆಗೂ ನಿಮ್ಮ ಹೆಸರೇನು ಅಂತ ಕೇಳಿದೆ.

ಗಾಬರಿಯಾಗಿ ನನ್ನನ್ನೇ ನೋಡಿದಳು. "ಯಾಕ್ರೀ ಡಾಕ್ಟರ್ರ, ಆರಾಮ ಅದೀರಿಲ್ಲೋ?"

ಹೊರಗೆ ಹೋಗಿ ನಮ್ಮ ಕಾಂಪೌಂಡರಿಗೆ ಹೇಳಿದಳಂತೆ, ಸಾಹೇಬ್ರದು ಬಿಪಿ ಒಮ್ಮೆ ನೋಡ್ರಿ ಅಂತ.