ಎಡ ಫ್ಲಿಪ್ಪರಿಗೆ ಹರೆಯ ಬಂತು

ಹಳೆಯ ಪಿನ್‌ಬಾಲ್ ಯಂತ್ರದಲ್ಲಿ ಯಾವ ಭಾಗವೂ ಒಂಟಿಯಾಗಿ ಮುದಿಯಾಗುವುದಿಲ್ಲ. ಗಾಜು ಮುಚ್ಚಿದ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡು ಓಡಿಸಿ ಅಂಕ ಗಳಿಸುವ ಆಟ ಇದು. ಕೆಳಗೆ ಜಾರಿ ಬರುವ ಚೆಂಡನ್ನು ಮತ್ತೆ ಮೇಲಕ್ಕೆ ಹೊಡೆಯುವುದು, ಗುಂಡಿ ಒತ್ತಿದರೆ ಏಳುವ ಫ್ಲಿಪ್ಪರ್ ಎಂಬ ಪುಟ್ಟ ದಾಂಡು. ಫ್ಲಿಪ್ಪರ್ ಮೆಲ್ಲಗೆ ಹೊಡೆಯಲು ಶುರು ಮಾಡಿದರೆ ತಗುಲಿದ ಚೆಂಡನ್ನು ಒದ್ದು ಅಂಕ ಕೊಡುವ ಬಂಪರಿಗೂ ಆರಾಮ, ಚೆಂಡಿನ ಏಟು ತಿನ್ನುವ ಟಾರ್ಗೆಟ್ಟಿಗೂ ಆರಾಮ, ಬಿರುಕು ಬಿಟ್ಟ ಪ್ಲಾಸ್ಟಿಕ್ಕಿಗಂತೂ ಇನ್ನೂ ಆರಾಮ. ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ಹೋಗುತ್ತಿರುತ್ತವೆ. ನಾವು ನಡುವೆ ಬಾಯಿ ಹಾಕಿ ಒಂದಕ್ಕೆ ಮಾತ್ರ ಹೊಸ ಪ್ಲಂಜರ್, ಅಂದರೆ ಅದನ್ನು ಎಬ್ಬಿಸುವ ಲೋಹದ ಸರಳು, ಕೊಟ್ಟರೆ ಜಗಳ ಶುರು.

ನಮ್ಮ ಮನೆಯಲ್ಲಿರುವುದು ಎಲೆಕ್ಟ್ರೋಮೆಕ್ಯಾನಿಕಲ್ ಕಾಲದ ಯಂತ್ರ. ಒಳಗೆ ಕಂಪ್ಯೂಟರ್ ಇಲ್ಲ, ಚಿಪ್ ಇಲ್ಲ. ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್), ಮಾಮೂಲಿ ಸ್ವಿಚ್, ಒಂದು ಮೋಟಾರು, ಮತ್ತೆ ಎಣಿಸಲಾರದಷ್ಟು ವೈರು. ಅಂಕ ತೋರಿಸುವುದು ಕೂಡ ಗರಗರ ತಿರುಗುವ ಚಕ್ರಗಳೇ. ಇದರ ಎಡ ಫ್ಲಿಪ್ಪರ್ ತೀರಾ ಸೋತುಹೋಗಿತ್ತು. ಗುಂಡಿ ಒತ್ತಿದರೆ ಏಳಲೋ ಬೇಡವೋ ಎಂದು ಯೋಚಿಸಿ, ಅರ್ಧ ಎದ್ದು, ಚೆಂಡನ್ನು ಒಂಚೂರು ಆಚೆ ತಳ್ಳಿ ಮತ್ತೆ ಮಲಗುತ್ತಿತ್ತು. ಚೆಂಡೇನು ಹಗುರ ಅಲ್ಲ. 27 ಮಿಲಿಮೀಟರ್ ಅಗಲದ ಉಕ್ಕು, ತೂಕ ಸುಮಾರು 80 ಗ್ರಾಂ. ಅದನ್ನು ಇಳಿಜಾರಿನ ತುದಿಯವರೆಗೆ ಕಳಿಸಬೇಕಾದರೆ ಒಳ್ಳೆ ಏಟೇ ಬೇಕು.

ನಮ್ಮ ಭಾವನ ಹತ್ತಿರ ಇದಕ್ಕೊಂದು ಮದ್ದಿತ್ತು. "ಒಂದೆರಡು ತೊಟ್ಟು ಎಣ್ಣೆ ಬಿಡಯ್ಯ, ಎಲ್ಲ ಸರಿಹೋಗುತ್ತೆ." ಕಿರ್ ಎನ್ನುವ ಬಾಗಿಲಿಗೂ, ನಿಂತ ಗಡಿಯಾರಕ್ಕೂ, ತಿರುಗದ ಬೀಗಕ್ಕೂ ಅವರು ಹೇಳುವುದು ಇದನ್ನೇ. ಫ್ಲಿಪ್ಪರಿಗೆ ಎಣ್ಣೆ ಕೂಡದು ಎಂದು ನಾನು ಬಿಡಿಸಿ ಹೇಳಿದೆ. ಕಾಯಿಲ್ ಅಂದರೆ ತಂತಿಯ ಸುರುಳಿ, ಕರೆಂಟ್ ಹರಿದಾಗ ಅಯಸ್ಕಾಂತವಾಗಿ ಪ್ಲಂಜರನ್ನು ಒಳಗೆ ಎಳೆಯುತ್ತದೆ. ಅದರೊಳಗಿನ ಕೊಳವೆಯಲ್ಲಿ ಪ್ಲಂಜರ್ ಒಣಗಿಕೊಂಡೇ ಓಡಾಡಬೇಕು. ಎಣ್ಣೆ ಬಿದ್ದರೆ ಧೂಳು ಹಿಡಿದು, ಕೊನೆಗೆ ಅಂಟಾಗಿ ಕೂರುತ್ತದೆ. ಭಾವ ಪೂರ್ತಿ ಕೇಳಿದರು. ತಲೆಯನ್ನೂ ಆಡಿಸಿದರು. ನಾನು ಹೊರಗೆ ಹೋದಾಗ ಬಿಟ್ಟರು.

ಕೆಟ್ಟದ್ದೇನೆಂದರೆ, ಆ ಸಂಜೆ ಫ್ಲಿಪ್ಪರ್ ನಿಜವಾಗಿಯೂ ಚುರುಕಾಗಿತ್ತು. ಭಾವ ಆಟವನ್ನೂ ಗೆದ್ದರು, ವಾದವನ್ನೂ ಗೆದ್ದರು. ಸ್ವಲ್ಪ ಕಾಲ ಹೋದ ಮೇಲೆ ಫ್ಲಿಪ್ಪರ್ ಅರ್ಧಕ್ಕೆ ಎದ್ದು ಅಲ್ಲೇ ನಿಂತಿತು. ಮೇಲೂ ಇಲ್ಲ, ಕೆಳಗೂ ಇಲ್ಲ. "ಎಣ್ಣೆ ಕಡಿಮೆಯಾಯ್ತು ಅನ್ಸುತ್ತೆ" ಎಂದರು ಭಾವ.

ಬಿಚ್ಚುವ ದಿನ ಸಹಾಯಕ್ಕೆ ಅವರೇ ಬಂದರು. ಆಟದ ಹಲಗೆ ಎತ್ತುವ ಮೊದಲು ಚೆಂಡು ಹೊರಗೆ ತೆಗೆಯಬೇಕು. ಇದನ್ನು ನಾನು ಹೇಳುವಷ್ಟರಲ್ಲಿ ಅವರು ಹಲಗೆ ಎತ್ತಿಯಾಗಿತ್ತು. ಚೆಂಡು ಹಿಂದಕ್ಕೆ ಉರುಳಿ, ದಾರಿಯಲ್ಲಿ ಸಿಕ್ಕಿದ್ದಕ್ಕೆಲ್ಲ ಬಡಿದು, ಅಂಚು ಹಾರಿ ಪೆಟ್ಟಿಗೆಯ ತಳಕ್ಕೆ ಬಿತ್ತು. ಅಲ್ಲಿ ರಿಲೇಗಳು ಸಾಲಾಗಿ ಕೂತಿರುತ್ತವೆ. ಒಂದರ ಸ್ವಿಚ್ಚಿನ ಲೋಹದ ಪಟ್ಟಿಗಳು ಸೊಟ್ಟಗಾದವು. ಕೆಲಸ ಇನ್ನೂ ಶುರುವೇ ಆಗಿರಲಿಲ್ಲ, ಆಗಲೇ ಜಾಸ್ತಿಯಾಗಿತ್ತು.

ಒಳಗೆ ನೋಡಿದರೆ ಪಾಪ ಅನ್ನಿಸುವ ಹಾಗಿತ್ತು. ಗುಂಡಿ ಒತ್ತಿದಾಗೆಲ್ಲ ಪ್ಲಂಜರ್ ಹೋಗಿ ಕಾಯಿಲ್ ತುದಿಯ ತಡೆಗೆ ಗುದ್ದುತ್ತದೆ. ಗುದ್ದಿ ಗುದ್ದಿ ಅದರ ತುದಿ, ಸುತ್ತಿಗೆ ಏಟು ತಿಂದ ಉಳಿಯ ತಲೆಯ ಹಾಗೆ ಅಗಲವಾಗಿತ್ತು. ಹಾಗಾಗಿ ಕೊಳವೆಯಿಂದ ಹೊರಗೇ ಬರಲೊಲ್ಲದು. ಪ್ಲಂಜರನ್ನು ಫ್ಲಿಪ್ಪರಿಗೆ ಜೋಡಿಸುವ ಲಿಂಕಿನ ದುಂಡನೆಯ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಫ್ಲಿಪ್ಪರಿನ ಕಡ್ಡಿ ಕೂರುವ ಬುಷ್ ಸವೆದು ಫ್ಲಿಪ್ಪರ್ ಜೋತುಬಿದ್ದು, ಹಲಗೆಯ ಬಣ್ಣವನ್ನು ಕಮಾನಿನಂತೆ ಕೆರೆದಿತ್ತು. ಇಷ್ಟರ ಮೇಲೆ ಭಾವನ ಎಣ್ಣೆ, ಈಗ ಕಪ್ಪು ಗೋಂದು.

ಆದರೂ ಇಡೀ ಯಂತ್ರದಲ್ಲಿ ನನಗೆ ಅಚ್ಚುಮೆಚ್ಚು ಈ ಕಾಯಿಲ್ಲೇ. ಅದರಲ್ಲಿ ಎರಡು ಬಗೆಯ ತಂತಿ ಸುತ್ತಿರುತ್ತದೆ, ಒಂದು ದಪ್ಪ, ಒಂದು ತೆಳು. ಗುಂಡಿ ಒತ್ತಿದ ಕೂಡಲೇ ಕರೆಂಟ್ ದಪ್ಪ ತಂತಿಯಲ್ಲಿ ಮಾತ್ರ ಓಡುತ್ತದೆ, ಏಟು ಜೋರಾಗಿ ಬೀಳುತ್ತದೆ. ಫ್ಲಿಪ್ಪರ್ ಪೂರ್ತಿ ಎದ್ದಾಗ ಅದೇ ಒಂದು ಸಣ್ಣ ಸ್ವಿಚ್ಚನ್ನು ಬಿಡಿಸುತ್ತದೆ. ಆಮೇಲೆ ಕರೆಂಟ್ ತೆಳು ತಂತಿಯನ್ನೂ ಸುತ್ತಿಕೊಂಡು ಬರಬೇಕು. ಬರುವಷ್ಟರಲ್ಲಿ ಸೊರಗಿರುತ್ತದೆ. ಫ್ಲಿಪ್ಪರನ್ನು ಎತ್ತಿ ಹಿಡಿದುಕೊಳ್ಳಲು ಅಷ್ಟು ಸಾಕು. ಆ ಸ್ವಿಚ್ ಬಿಡದೇ ಹೋದರೆ ಕಾಯಿಲ್ ಸುಟ್ಟು ವಾಸನೆ ಮನೆಯೆಲ್ಲ ತುಂಬುತ್ತದೆ. ಸ್ವಿಚ್ಚಿಗೆ ಕರಿ ಹಿಡಿದರೆ ಕರೆಂಟ್ ಮೊದಲಿನಿಂದಲೇ ತೆಳು ತಂತಿಯ ದಾರಿ ಹಿಡಿಯುತ್ತದೆ, ಫ್ಲಿಪ್ಪರ್ ನಿದ್ದೆಗಣ್ಣಲ್ಲಿ ಏಳುತ್ತದೆ. ನಮ್ಮದರಲ್ಲಿ ಅದೂ ಆಗಿತ್ತು. ಇದರ ಟಂಗ್‌ಸ್ಟನ್ ತುದಿಗಳನ್ನು ಅರದಿಂದ ಉಜ್ಜಬಹುದು. ಮಿಕ್ಕ ಸ್ವಿಚ್ಚುಗಳ ಬೆಳ್ಳಿ ತುದಿಗಳಿಗೆ ಗಟ್ಟಿ ಕಾಗದದ ಚೂರು ಸಾಕು. ಅರ ಭಾವನ ಕೈಗೆ ಸಿಗದ ಹಾಗೆ ನೋಡಿಕೊಂಡೆ.

ಹೊಸ ಪ್ಲಂಜರ್, ಲಿಂಕ್, ಕೊಳವೆ, ತಡೆ, ಬುಷ್ ಎಲ್ಲ ಸಲೀಸಾಗಿ ಕೂತವು. ಸ್ಪ್ರಿಂಗ್ ಮಾತ್ರ ಚಿಮ್ಮಿತು. ಸ್ಪ್ರಿಂಗ್ ಹಾರಿದಾಗ ಸದ್ದು ಬರುವುದು ಒಂದು ಮೂಲೆಯಿಂದ, ಅದು ಇರುವುದು ಇನ್ನೊಂದು ಮೂಲೆಯಲ್ಲಿ. ನಾನು ನೆಲಕ್ಕೆ ಕೆನ್ನೆ ಒತ್ತಿ ಹುಡುಕಿದೆ. ಮಗಳು ಕುರ್ಚಿ ಸರಿಸಿದಳು. ಭಾವ ಟಾರ್ಚ್ ಹಿಡಿದು "ಅಲ್ಲಿ ನೋಡು, ಇಲ್ಲಿ ನೋಡು" ಎಂದು ಯಜಮಾನಿಕೆ ಮಾಡಿದರು. ಆಮೇಲೆ ಕನ್ನಡಕ ತೆಗೆಯಲು ತಮ್ಮದೇ ಅಂಗಿ ಜೇಬಿಗೆ ಕೈ ಹಾಕಿ ಸುಮ್ಮನಾದರು. ಸ್ಪ್ರಿಂಗ್ ಸಿಕ್ಕಿತು.

ಮೊದಲ ಏಟಿಗೇ ಗೊತ್ತಾಯಿತು, ಇದು ಹಳೆಯ ಫ್ಲಿಪ್ಪರ್ ಅಲ್ಲ ಅಂತ. ಚೆಂಡು ಹಲಗೆಯ ತುದಿಗೆ ಹೋಗಿ, ಅಲ್ಲಿಂದ ಎಗರಿ ಗಾಜಿಗೆ ಠಣ್ ಎಂದು ಬಡಿಯಿತು. ಒಳಗಿನಿಂದ "ರೀ, ಏನು ಒಡೆದ್ರಿ?" ಎಂಬ ಕೂಗು ಬಂತು. ಆಗ ಏನೂ ಒಡೆದಿರಲಿಲ್ಲ. ಮುಂದಿನ ಏಟಿಗೆ ಬಲಗಡೆಯ ಪ್ಲಾಸ್ಟಿಕ್ ಎರಡಾಯಿತು. ಸಾಕೆಟ್ಟಿನಲ್ಲಿ ಸಡಿಲವಾಗಿ ಕೂತಿದ್ದ ಬಲ್ಬುಗಳು ಪ್ರತಿ ಏಟಿಗೂ ಕಣ್ಣು ಮಿಟುಕಿಸಿದವು. ಬಂಪರೊಂದು ಚೆಂಡು ಹತ್ತಿರ ಸುಳಿಯದಿದ್ದರೂ ತಾನೇ ಬಡಿದುಕೊಂಡು ಅಂಕ ಕೊಡತೊಡಗಿತು. ಅದರ ಸ್ವಿಚ್ಚಿನ ಪಟ್ಟಿಗಳು ತೀರಾ ಹತ್ತಿರ ಇದ್ದವು. ಇಷ್ಟು ದಿನ ಅದುರುವಷ್ಟು ಏಟು ಯಾರೂ ಹೊಡೆದಿರಲಿಲ್ಲ ಅಷ್ಟೇ. ಮಗಳಿಗೆ ಈ ಬಂಪರ್ ಬಹಳ ಹಿಡಿಸಿತು. "ಅಪ್ಪ, ಇದನ್ನ ಮಾತ್ರ ರಿಪೇರಿ ಮಾಡ್ಬೇಡ."

ಬಲ ಫ್ಲಿಪ್ಪರಿನ ಪಾಡು ಕೇಳಬೇಡಿ. ನಿನ್ನೆಯವರೆಗೆ ಮನೆಯಲ್ಲಿ ಅದಕ್ಕೇ ಮರ್ಯಾದೆ. ಈಗ ಎಡದ ಪಕ್ಕ ಅದು ಸೊರಗಿದಂತೆ ಕಂಡಿತು. ಅದನ್ನೂ ಬಿಚ್ಚಬೇಕಾಯಿತು. ಅದಾದ ಮೇಲೆ ಬಂಪರಿನ ಫೈಬರ್ ತಟ್ಟೆ ಸೀಳಿತು. ಅದೂ ಆಯಿತು.

ಫ್ಲಿಪ್ಪರುಗಳು ಹುಟ್ಟಿದ್ದೇ ತಡವಾಗಿ. 1947ರಲ್ಲಿ ಷಿಕಾಗೋದ ಗಾಟ್ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿ ಯಂತ್ರದಲ್ಲಿ ಮೊದಲು ಬಂದವು, ಆಚೆ ಮೂರು ಈಚೆ ಮೂರು. ಅದಕ್ಕೂ ಮೊದಲು ಚೆಂಡು ಬಿಟ್ಟ ಮೇಲೆ ಪೆಟ್ಟಿಗೆ ಅಲುಗಿಸುವುದು ಬಿಟ್ಟರೆ ದೇವರೇ ಗತಿ. ಅದೃಷ್ಟದ ಆಟ, ಜೂಜು ಎಂದು ನ್ಯೂಯಾರ್ಕ್ ನಗರ 1942ರಲ್ಲಿ ಇದನ್ನು ನಿಷೇಧಿಸಿತು. ಮೇಯರ್ ಲಾಗಾರ್ಡಿಯಾ ಖುದ್ದು ಸುತ್ತಿಗೆ ಹಿಡಿದು ಯಂತ್ರ ಒಡೆದರು. 1976ರಲ್ಲಿ ರೋಜರ್ ಶಾರ್ಪ್ ಎಂಬವರು ನಗರ ಸಭೆಯವರ ಮುಂದೆ ನಿಂತು, ಚೆಂಡು ಹಲಗೆಯ ಮೇಲ್ತುದಿಯ ಮಧ್ಯದ ದಾರಿಯಲ್ಲೇ ಇಳಿಯುತ್ತದೆ ಎಂದು ಮೊದಲೇ ಹೇಳಿ, ಹಾಗೆಯೇ ಇಳಿಸಿ ತೋರಿಸಿದರು. ನಿಷೇಧ ಹೋಯಿತು. ಅವತ್ತು ಆ ಯಂತ್ರದ ಹತ್ತಿರ ನಮ್ಮ ಭಾವ ಎಣ್ಣೆ ಡಬ್ಬಿ ಹಿಡಿದು ಸುಳಿದಿರಲಿಲ್ಲ, ನ್ಯೂಯಾರ್ಕಿನವರ ಪುಣ್ಯ.

ಈ ಕಥೆಯನ್ನು ಹೇಳಿದ್ದಕ್ಕೆ ಭಾವ ಅದನ್ನೇ ನನ್ನ ಮೇಲೆ ತಿರುಗಿಸಿದರು. "ಕೌಶಲ ಅಂತೀಯಲ್ಲ, ನನ್ನ ಕೌಶಲ ನೀನೇ ಕಿತ್ತು ಹಾಕಿದೆ ಕಣಯ್ಯ." ಮಾತು ಸುಳ್ಳಲ್ಲ. ಸೋಮಾರಿ ಫ್ಲಿಪ್ಪರನ್ನು ಚೆಂಡು ಬರುವ ಮೊದಲೇ ಒತ್ತಬೇಕಿತ್ತು. ಅವರ ಬೆರಳಿಗೆ ಆ ಲೆಕ್ಕ ಕೂತುಬಿಟ್ಟಿತ್ತು. ಈಗ ಅವರು ಒತ್ತುತ್ತಾರೆ, ಫ್ಲಿಪ್ಪರ್ ಎದ್ದು ಗಾಳಿಗೆ ಹೊಡೆದು ಕೂರುತ್ತದೆ, ಚೆಂಡು ನಿಧಾನಕ್ಕೆ ಬಂದು ನಡುವೆ ಇಳಿದು ಹೋಗುತ್ತದೆ. ಮಗಳ ಹತ್ತಿರವೂ ಸೋತರು. ಎಂದೂ ಆಡದ ಅಕ್ಕನ ಹತ್ತಿರವೂ ಸೋತರು.

ಬಿಚ್ಚಿದ ಹಳೆಯ ಭಾಗಗಳನ್ನು ನಾನು ಎಸೆದಿಲ್ಲ. ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಮೊನ್ನೆ ಭಾವ ಬಂದವರು ಯಂತ್ರದ ಕಡೆ ಹೋಗಲಿಲ್ಲ. ನೇರ ನನ್ನ ಮೇಜಿನ ಹತ್ತಿರ ಬಂದು, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು. "ಆ ಅಗಲ ತಲೆಯ ಪ್ಲಂಜರ್ ಇದೆ ಅಲ್ವಾ? ಭಾನುವಾರ ಒಂದಿನಕ್ಕೆ ಎಡಗಡೆಗೆ ಹಾಕಿ ಕೊಡಯ್ಯ. ಎಣ್ಣೆ ನಾನೇ ತರ್ತೀನಿ."